ಹೃದಯ ನಿಲ್ಲುವ ಮುನ್ನವೇ ಬರುವ ತಂಡ

ಆಸ್ಪತ್ರೆಯ ಔಷಧ ವಿಭಾಗದಲ್ಲಿರುವ ನಮಗೆ ‘ಕೋಡ್ ಬ್ಲೂ’ ಕರೆ ಹೊಸದೇನಲ್ಲ. ರೋಗಿಯ ಹೃದಯ ನಿಂತಾಗ ಆ ಕರೆ ಬರುತ್ತದೆ, ಎಲ್ಲರೂ ಓಡುತ್ತಾರೆ. ಆದರೆ ಹೃದಯ ನಿಲ್ಲುವವರೆಗೆ ಕಾಯುವುದೇಕೆ? ತೀರಾ ಹದಗೆಟ್ಟ ರೋಗಿಯ ಬಳಿಗೆ ಮೊದಲೇ ಧಾವಿಸುವ ತಂಡಗಳು ಹುಟ್ಟಿದ್ದು ಈ ಪ್ರಶ್ನೆಯಿಂದ. ಆ ಕಥೆಯನ್ನು ಐರ್ಲೆಂಡಿನಿಂದ ಹೇಳಬಹುದು.

ಡಬ್ಲಿನ್ನಿನ ಬ್ಯೂಮಾಂಟ್ ಆಸ್ಪತ್ರೆ ಆರಂಭವಾದದ್ದು 1987ರಲ್ಲಿ. ಆದರೆ ಅದರ ಬೇರು ಹಳೆಯದು. 1718ರಲ್ಲಿ ಬಡವರಿಗಾಗಿ ಶುರುವಾದ ಜರ್ವಿಸ್ ಸ್ಟ್ರೀಟ್ ಆಸ್ಪತ್ರೆ ಮತ್ತು ರಿಚ್ಮಂಡ್ ಆಸ್ಪತ್ರೆ ಎರಡೂ ಸೇರಿ ಬ್ಯೂಮಾಂಟ್ ಆಯಿತು. ಐರ್ಲೆಂಡಿನಲ್ಲಿ ಮೊದಲ ಬಾರಿಗೆ ಈಥರ್ ಕೊಟ್ಟು, ನೋವಿಲ್ಲದಂತೆ ಶಸ್ತ್ರಚಿಕಿತ್ಸೆ ನಡೆದದ್ದು ಇದೇ ರಿಚ್ಮಂಡಿನಲ್ಲಿ, 1847ರ ಜನವರಿ 1ರಂದು.

1966ರಲ್ಲಿ ಆ ದ್ವೀಪದಲ್ಲಿ ಎರಡು ದೊಡ್ಡ ಕೆಲಸಗಳಾದವು. ಜರ್ವಿಸ್ ಸ್ಟ್ರೀಟಿನಲ್ಲಿ ವಿಷ ಮಾಹಿತಿ ಕೇಂದ್ರ ತೆರೆಯಿತು. ವಿಷ ಸೇವಿಸಿದವರಿಗೆ ಯಾವ ಮದ್ದು, ಎಷ್ಟು ಎಂದು ವೈದ್ಯರು ಫೋನಿನಲ್ಲೇ ಕೇಳಿ ತಿಳಿಯಬಹುದಾಯಿತು. ಈಗ ಆ ಕೇಂದ್ರ ಬ್ಯೂಮಾಂಟಿನಲ್ಲಿದೆ. ಅದೇ ವರ್ಷ ಬೆಲ್‌ಫಾಸ್ಟಿನಲ್ಲಿ ಡಾ. ಫ್ರಾಂಕ್ ಪ್ಯಾಂಟ್ರಿಡ್ಜ್ ಕಾರಿನ ಬ್ಯಾಟರಿಯಿಂದ ನಡೆಯುವ ಡಿಫಿಬ್ರಿಲೇಟರನ್ನು ಆಂಬುಲೆನ್ಸಿಗೆ ಹಾಕಿ, ಹೃದ್ರೋಗಿಯಿದ್ದಲ್ಲಿಗೇ ವೈದ್ಯರನ್ನು ಕಳುಹಿಸಿದರು. ರೋಗಿ ಚಿಕಿತ್ಸೆಯನ್ನು ಹುಡುಕಿಕೊಂಡು ಹೋಗುವ ಬದಲು ಚಿಕಿತ್ಸೆಯೇ ರೋಗಿಯನ್ನು ಹುಡುಕಿಕೊಂಡು ಹೊರಟಿತು.

ಆಸ್ಪತ್ರೆಯ ಒಳಗೂ ಹೀಗೇ ಆಗಬೇಕೆಂದು ತೋರಿಸಿದ್ದು ಆಸ್ಟ್ರೇಲಿಯಾ. 1990ರಲ್ಲಿ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ ಡಾ. ಕೆನ್ ಹಿಲ್ಮನ್ ಮತ್ತು ಸಂಗಡಿಗರು ವೈದ್ಯಕೀಯ ತುರ್ತು ತಂಡ ಕಟ್ಟಿದರು. ಉಸಿರಾಟ, ನಾಡಿ, ರಕ್ತದೊತ್ತಡ ಮಿತಿ ಮೀರಿದರೆ ನರ್ಸ್ ನೇರವಾಗಿ ಈ ತಂಡವನ್ನು ಕರೆಯಬಹುದು, ದೊಡ್ಡ ಡಾಕ್ಟರ ಅಪ್ಪಣೆಗೆ ಕಾಯಬೇಕಿಲ್ಲ. ಆದರೂ 2005ರಲ್ಲಿ 23 ಆಸ್ಪತ್ರೆಗಳ ದೊಡ್ಡ ಅಧ್ಯಯನದಲ್ಲಿ ನಿರೀಕ್ಷಿಸಿದ ಲಾಭ ಕಾಣಲಿಲ್ಲ. ಅಪಾಯದ ಲಕ್ಷಣವಿದ್ದ ಎಷ್ಟೋ ರೋಗಿಗಳಿಗೆ ತಂಡವನ್ನು ಕರೆದೇ ಇರಲಿಲ್ಲ. ತಂಡ ಇದ್ದರೆ ಸಾಲದು, ಕರೆಯುವ ಧೈರ್ಯವೂ ಬೇಕು.

ಆ ಧೈರ್ಯಕ್ಕೆ ಅಂಕಿಯ ಬಲ ಸಿಕ್ಕಿತು. ಐರ್ಲೆಂಡ್ 2013ರಲ್ಲಿ ದೇಶಕ್ಕೆಲ್ಲ ಒಂದೇ ಮುನ್ನೆಚ್ಚರಿಕೆ ಅಂಕಪಟ್ಟಿ ತಂದಿತು. ಒಟ್ಟು ಅಂಕ 7 ಮುಟ್ಟಿದರೆ ತುರ್ತು ತಂಡ ಬರಲೇಬೇಕು. ಇದು ವಾರ್ಡಿನ ರೋಗಿಗಳಿಗಾಯಿತು. ತುರ್ತು ವಿಭಾಗದಲ್ಲಿ ಸರದಿಗಾಗಿ ಗಂಟೆಗಟ್ಟಲೆ ಕೂತವರ ಗತಿ? ಅವರಿಗಾಗಿ 2018ರಲ್ಲಿ ಪ್ರತ್ಯೇಕ ನಿಯಮಾವಳಿ ಬಂತು. ಟ್ರಯಾಜ್‌ನಲ್ಲಿ ಒಮ್ಮೆ ನೋಡಿ ಬಿಟ್ಟರಾಗದು, ಮತ್ತೆ ಮತ್ತೆ ನೋಡುತ್ತಿರಬೇಕು ಎಂಬುದೇ ಅದರ ಸಾರ.

ಬ್ಯೂಮಾಂಟಿನ ಇನ್ನೊಂದು ಹೆಗ್ಗಳಿಕೆ ಪಾರ್ಶ್ವವಾಯು ತಂಡ. ಮಿದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ತೂರುನಳಿಕೆಯಿಂದ ಎಳೆದು ತೆಗೆಯುವ ಚಿಕಿತ್ಸೆ ಫಲಕಾರಿ ಎಂದು 2015ರಲ್ಲಿ ಸಾಬೀತುಪಡಿಸಿದ ಅಂತಾರಾಷ್ಟ್ರೀಯ ಪ್ರಯೋಗಗಳಲ್ಲೊಂದರಲ್ಲಿ ಬ್ಯೂಮಾಂಟೂ ಭಾಗಿಯಾಗಿತ್ತು.

ನಮ್ಮ ನಾಡೂ ಹಿಂದೆ ಬಿದ್ದಿಲ್ಲ. 2008ರ ರಾಜ್ಯೋತ್ಸವದಂದು 108 ಆರೋಗ್ಯ ಕವಚ ಶುರುವಾಯಿತು. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತ. ಈ ಮದ್ದಿನ ಬೆಲೆ ನಮಗೆ ಗೊತ್ತು. ಅದಕ್ಕಿಂತ ದುಬಾರಿ ತಡವಾದ ಒಂದೊಂದು ನಿಮಿಷ.

ಇಲ್ಲಿ ಕೊಲ್ಲಿಯಲ್ಲಿ ನಮ್ಮವರು ಎದೆನೋವನ್ನು ಗ್ಯಾಸ್ ಎಂದುಕೊಂಡು, ರಜೆ ಕಡಿತವಾದೀತೆಂದು ಹೆದರಿ, ರೂಮಿನಲ್ಲೇ ಮಲಗಿಬಿಡುತ್ತಾರೆ. ಎಂಥ ತಂಡವಿದ್ದರೂ ಮೊದಲ ಕರೆ ಪಕ್ಕದ ಮಂಚದವರಿಂದಲೇ ಹೋಗಬೇಕು. ಯುಎಇಯಲ್ಲಿ 998, ಸೌದಿಯಲ್ಲಿ 997, ಕತಾರ್ ಮತ್ತು ಬಹರೇನ್‌ನಲ್ಲಿ 999, ಕುವೈತ್‌ನಲ್ಲಿ 112, ಒಮಾನ್‌ನಲ್ಲಿ 9999. ಎದೆ ಬಿಗಿದರೆ, ಮುಖ ಸೊಟ್ಟಗಾದರೆ, ಮಾತು ತೊದಲಿದರೆ ಬೆಳಗಾಗಲಿ ಎಂದು ಕಾಯಬೇಡಿ. ಈ ಸಂಖ್ಯೆಯನ್ನು ಇಂದೇ ರೂಮಿನ ಬಾಗಿಲ ಮೇಲೆ ಬರೆದಿಡೋಣ.