ಮಾನ್ವಿಯ ಪಂಡಿತನ ಹೊಟ್ಟೆನೋವು

ಬೆಳಗಿನ ಹೊತ್ತು ಬಾನುಲಿಯಲ್ಲಿ ದಾಸರ ಪದಗಳನ್ನು ಕೇಳುವವರಿಗೆ ‘ಜಗನ್ನಾಥವಿಠಲ’ ಎಂಬ ಅಂಕಿತ ಹೊಸದಲ್ಲ. ಆ ಅಂಕಿತದ ಹಿಂದೆ ಒಂದು ಸುಳ್ಳೂ ಒಂದು ಕಾಯಿಲೆಯೂ ಇವೆಯೆಂಬುದು ಮಾತ್ರ ಹಾಡು ಕೇಳುವಾಗ ನಮ್ಮ ನೆನಪಿಗೆ ಬರುವುದಿಲ್ಲ.

ರಾಯಚೂರು ಜಿಲ್ಲೆಯ ಮಾನ್ವಿಯ ಸೀಮೆಯಲ್ಲಿ ಬ್ಯಾಗವಟ್ಟಿ ಎಂಬುದೊಂದು ಊರು. ಶ್ರೀನಿವಾಸಾಚಾರ್ಯರು ಹುಟ್ಟಿದ್ದು ಅಲ್ಲಿ, 1728ರಲ್ಲಿ. ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರೆಂದು ಎಳೆಯ ವಯಸ್ಸಿನಲ್ಲಿಯೇ ಹೆಸರಾದರು. ಮಾನ್ವಿಯಲ್ಲಿ ಶಿಷ್ಯರಿಗೆ ಪಾಠ ಹೇಳುತ್ತಿದ್ದರು. ಕನ್ನಡದಲ್ಲಿ ಪದ ಕಟ್ಟಿ, ತಾಳ ಹಿಡಿದು ಹಾಡುವ ದಾಸರನ್ನು ಕಂಡರೆ ಅವರಿಗೆ ತಾತ್ಸಾರ. ಶಾಸ್ತ್ರ ಓದದವರ ಗದ್ದಲವೆಂದೇ ಅವರ ಎಣಿಕೆ.

ಆ ಕಾಲಕ್ಕೆ ದಾಸಪಂಥದ ಹಿರಿಯರು ವಿಜಯದಾಸರು. ಅವರು ಮಾನ್ವಿಗೆ ಬಂದಾಗ ನಡೆದುದನ್ನು ಸಂಪ್ರದಾಯ ಹೀಗೆ ಹೇಳುತ್ತದೆ. ಪೂಜೆ, ಭಜನೆ ಮುಗಿದು ಊಟವಾಗುವಷ್ಟರಲ್ಲಿ ಹೊತ್ತು ಮೀರುವುದು ವಾಡಿಕೆ. ದಾಸರು ಆಚಾರ್ಯರನ್ನೂ ಪ್ರಸಾದಕ್ಕೆ ಕರೆದರು. ದಾಸರ ಪಂಕ್ತಿಯಲ್ಲಿ ಕೂರಲು ಆಚಾರ್ಯರಿಗೆ ಮನಸ್ಸಿಲ್ಲ, ಬರುವುದಿಲ್ಲವೆಂದು ನೇರವಾಗಿ ಹೇಳಲು ಬಾಯಿಯಿಲ್ಲ. ತಮಗೆ ಹೊಟ್ಟೆಶೂಲೆಯುಂಟು, ಹೊತ್ತು ಮೀರಿ ಉಂಡರೆ ತಾಳಲಾರದು ಎಂದು ಹೇಳಿಕಳುಹಿಸಿದರು. ಹಾಗೆಯೇ ಆಗಲಿ ಎಂದರಂತೆ ದಾಸರು. ಕೆಲವು ಕಾಲದಲ್ಲಿಯೇ ಇಲ್ಲದ ಶೂಲೆ ನಿಜವಾಗಿ ಹುಟ್ಟಿತು.

ವಿಜಯದಾಸರು ದೇಹಬಿಟ್ಟದ್ದು 1755ರಲ್ಲಿ. ಆದ್ದರಿಂದ ಈ ಪ್ರಸಂಗ ನಡೆದಾಗ ನಮ್ಮ ಆಚಾರ್ಯರಿಗೆ ಹೆಚ್ಚೆಂದರೆ ಇಪ್ಪತ್ತಾರು, ಇಪ್ಪತ್ತೇಳು. ಚಿತ್ರಪಟಗಳಲ್ಲಿ ಕಾಣುವ ವೃದ್ಧ ದಾಸರನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಥೆ ಕೇಳುವ ನಾವು ಇದನ್ನು ಮರೆಯುತ್ತೇವೆ. ಅದು ಓದಿದ ಹುಡುಗನೊಬ್ಬನ ಬಿಂಕ.

ಶೂಲೆಯನ್ನು ಶಾಪವೆಂದು ನಂಬುವವರು ನಂಬಲಿ. ನನಗೆ ಅದರಲ್ಲಿ ವಿವಾದವಿಲ್ಲ. ಆಡಿದ ಸುಳ್ಳು ಒಳಗೇ ಕೊರೆದು ಹೊಟ್ಟೆಯನ್ನು ಕೆಡಿಸಬಲ್ಲುದೆಂಬುದನ್ನು ವೈದ್ಯರೂ ಅಲ್ಲಗಳೆಯಲಾರರು. ಆಚಾರ್ಯರು ಕ್ಷೇತ್ರಗಳಿಗೆ ಹೋದರು, ಸೇವೆ ಮಾಡಿದರು, ಉಪವಾಸವಿದ್ದರು. ನೋವು ಹೋಗಲಿಲ್ಲ. ಅಷ್ಟೆಲ್ಲ ಸೇವೆಯಲ್ಲಿಯೂ ಅವರು ಹೋಗದೆ ಉಳಿದಿದ್ದ ಬಾಗಿಲು ಒಂದೇ. ಕೊನೆಗೆ ಕನಸಿನಲ್ಲಿ ಅಪ್ಪಣೆಯಾಗಿ ವಿಜಯದಾಸರ ಬಳಿಗೆ ಹೋಗಿ ನಡೆದುದನ್ನು ಒಪ್ಪಿಕೊಂಡರೆಂದು ಕಥೆ.

ಇಲ್ಲಿ ನನ್ನದೊಂದು ಮಾತು ಸೇರಿಸಬೇಕಾಗಿದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬ ತಾನು ಬರೆದ ಲಾವಣಿ ಧಾಟಿಯ ಪದ್ಯವನ್ನು ತಂದು ತೋರಿಸಿದ. ಮಾತ್ರೆ ಕೆಟ್ಟದ್ದನ್ನೂ ಪ್ರಾಸ ತಪ್ಪಿದ್ದನ್ನೂ ಎಲ್ಲರೆದುರು ಎತ್ತಿ ಆಡಿದೆ. ಹುಡುಗರು ನಕ್ಕರು. ಆಮೇಲೆ ಅವನು ನನಗೆ ಏನನ್ನೂ ತೋರಿಸಲಿಲ್ಲ. ನಿದ್ದೆ ಬಾರದ ರಾತ್ರಿಗಳಲ್ಲಿ ನನ್ನನ್ನು ನಾನೇ ಎಷ್ಟೋ ಸಲ ಬೈದುಕೊಂಡಿದ್ದೇನೆ. ಹಾಗೆ ಬೈದುಕೊಳ್ಳುವುದರಲ್ಲಿಯೂ ಒಂದು ಬಗೆಯ ಅಹಂಕಾರವುಂಟು: ತಪ್ಪೂ ನನ್ನದೇ, ನ್ಯಾಯಾಧೀಶನೂ ನಾನೇ, ಶಿಕ್ಷೆಯೂ ನನ್ನ ಕೈಯದೇ. ಹುಡುಗನಿಗೆ ಅದರಿಂದ ಬಂದುದೇನು? ಮಾನ್ವಿಯ ಕಥೆಯನ್ನು ಮತ್ತೊಮ್ಮೆ ಓದಿದ ಮೇಲೆ, ಹೋದ ವರ್ಷ, ವಿಳಾಸ ಹುಡುಕಿ ಅವನಿಗೊಂದು ಕಾಗದ ಬರೆದೆ. ಉತ್ತರವೂ ಬಂತು. ಅದು ಇಲ್ಲಿನ ಮಾತಲ್ಲ.

ವಿಜಯದಾಸರು ಬಂದವನನ್ನು ಬೈಯಲಿಲ್ಲ. ತಾವೇ ಗುಣಪಡಿಸಲೂ ಇಲ್ಲ. ತಮ್ಮ ಶಿಷ್ಯರಾದ ಗೋಪಾಲದಾಸರ ಬಳಿಗೆ ಕಳುಹಿಸಿದರು. ಭಕ್ತಿಯಲ್ಲಿ ಭಾಗಣ್ಣನೆಂದು ಪಂಥದವರು ಕೊಂಡಾಡುವುದು ಇವರನ್ನೇ. ಪಾಂಡಿತ್ಯಕ್ಕೆ ಪ್ರಸಿದ್ಧನಾದವನು ಭಕ್ತಿಗೆ ಪ್ರಸಿದ್ಧನಾದವನ ಮನೆಯ ಬಾಗಿಲಲ್ಲಿ ನಿಂತ. ಗೋಪಾಲದಾಸರು ಧನ್ವಂತರಿಯನ್ನು ಹಾಡಿ ಪ್ರಾರ್ಥಿಸಿದರು, ಮಂತ್ರಿಸಿದ ಜೋಳದ ರೊಟ್ಟಿಯನ್ನು ತಿನ್ನಲು ಕೊಟ್ಟರು. ತಮ್ಮ ಆಯುಸ್ಸಿನಲ್ಲಿಯೇ ನಲವತ್ತು ವರ್ಷ ಧಾರೆಯೆರೆದರೆಂದೂ ಹೇಳುತ್ತಾರೆ. ಅದನ್ನು ಅಳೆಯುವ ಕೋಲು ಇತಿಹಾಸಕಾರನ ಕೈಯಲ್ಲಿಲ್ಲ. ಆ ರೊಟ್ಟಿಯನ್ನು ಮಾತ್ರ ಗಮನಿಸಬೇಕು. ಎಲೆಯ ಮುಂದೆ ಕೂರಲೊಲ್ಲದೆ ಬಂದ ಕಾಯಿಲೆಗೆ ಇನ್ನೊಂದು ವ್ರತವಲ್ಲ, ಉಪವಾಸವಲ್ಲ, ಊಟವೇ ಔಷಧವಾಯಿತು. ಮೈಯನ್ನು ದಂಡಿಸುವುದು ಸಾಕು, ಉಣ್ಣು ಎಂದಂತಾಯಿತು.

ಬಳಿಕ ಪಂಢರಪುರಕ್ಕೆ ಹೋಗಿ, ಚಂದ್ರಭಾಗೆಯಲ್ಲಿ ಮುಳುಗಿ, ಜಗನ್ನಾಥವಿಠಲನೆಂಬ ಅಂಕಿತ ಪಡೆದು ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು. ಹಳಿದ ಕೆಲಸವನ್ನೇ ಕೈಗೆತ್ತಿಕೊಂಡರು. ಹೆಂಗಸರು ಹಾಡಲು ಒಗ್ಗುವ ತ್ರಿಪದಿಯಲ್ಲಿ ‘ತತ್ತ್ವಸುವ್ವಾಲಿ’ ಬರೆದರು. ಭಾಮಿನಿ ಷಟ್ಪದಿಯ 32 ಸಂಧಿಗಳಲ್ಲಿ ‘ಹರಿಕಥಾಮೃತಸಾರ’ವನ್ನು ರಚಿಸಿದರು. ಸಂಸ್ಕೃತದ ಗ್ರಂಥಗಳಲ್ಲಿ ಅಡಗಿದ್ದ ಮಧ್ವಸಿದ್ಧಾಂತ ಇದರಿಂದ ಕನ್ನಡ ಮನೆಗಳ ಪಡಸಾಲೆಗೆ ಬಂದಿತು. ಓದಿದ ಶಾಸ್ತ್ರ ಒಂದಿಷ್ಟೂ ವ್ಯರ್ಥವಾಗಲಿಲ್ಲ.

ದಾಸರ ಪದಗಳಲ್ಲಿ ಆತ್ಮನಿಂದೆಗೆ ಕೊರತೆಯಿಲ್ಲ. ಆದರೆ ತನ್ನ ಕುಂದನ್ನು ಎಷ್ಟು ಎಣಿಸಿದರೂ ಪದ ನಿಲ್ಲುವುದು ಅಂಕಿತದಲ್ಲಿ, ದೇವರ ಹೆಸರಿನ ಮೇಲೆ. ಛಂದಸ್ಸನ್ನು ಪಾಠ ಹೇಳುವ ನಾವು ಇದನ್ನು ಒಂದು ರಚನಾನಿಯಮವೆಂದಷ್ಟೇ ಹೇಳಿ ಮುಂದೆ ಹೋಗುತ್ತೇವೆ. ಹರಿಕಥಾಮೃತಸಾರದ ಎರಡನೆಯದು ಕರುಣಾಸಂಧಿ. ಮಲಗಿಯೇ ಹಾಡಿದರೂ ಹರಿ ಎದ್ದು ಕುಳಿತು ಕೇಳುವನೆಂಬ ಭಾವ ಅದರಲ್ಲಿದೆ. ಹೊಟ್ಟೆ ಹಿಡಿದುಕೊಂಡು ಮಲಗಿ ದಿನ ಕಳೆದವನಿಗಲ್ಲದೆ ಅದು ಹೊಳೆಯುತ್ತಿತ್ತೇ ಎಂದು ನನಗೆ ಅನುಮಾನ.

ನಾಲ್ಕನೆಯದು ಭೋಜನಸಂಧಿ. ಉಣ್ಣುವುದನ್ನೇ ಪೂಜೆಯನ್ನಾಗಿ ಕಂಡು, ಅನ್ನದಲ್ಲಿಯೂ ವ್ಯಂಜನಗಳಲ್ಲಿಯೂ ಭಗವಂತನ ರೂಪಗಳನ್ನು ನೆನೆಯುವ ಬಗೆಯನ್ನು ಅದರಲ್ಲಿ ವಿಸ್ತಾರವಾಗಿ ಹೇಳಿದ್ದಾರೆ. ದಾಸರು 1809ರಲ್ಲಿ ಮಾನ್ವಿಯಲ್ಲಿ ಕಾಲವಾದರು. ಭಾದ್ರಪದ ಶುದ್ಧ ನವಮಿಯಂದು ಅವರ ಆರಾಧನೆ ನಡೆಯುತ್ತದೆ. ಆರಾಧನೆಯೆಂದ ಮೇಲೆ ಪಂಕ್ತಿಭೋಜನ ಇದ್ದೇ ಇರುತ್ತದೆ, ಅದೂ ಹೊತ್ತು ಮೀರಿಯೇ.