ಜಿಯೋಕ್ಯಾಶಿಂಗ್‌ಗೆ ಜಿಪಿಎಸ್ ಯಂತ್ರ: ಮೊಬೈಲ್ ಸಾಲದೇ? ಕೊಳ್ಳುವುದಾದರೆ ಏನು ನೋಡಬೇಕು?

ಅಮೆರಿಕದಲ್ಲಿರುವ ಮಗನೋ ಅಳಿಯನೋ ವಾರಾಂತ್ಯ ಬಂದರೆ ಮಕ್ಕಳನ್ನು ಕಟ್ಟಿಕೊಂಡು ಕಾಡಿನಲ್ಲಿ ಡಬ್ಬಿ ಹುಡುಕಲು ಹೋಗುತ್ತಾರೆ ಎಂದು ಕೇಳಿದ್ದೀರಾ? ಆ ಆಟದ ಹೆಸರು ಜಿಯೋಕ್ಯಾಶಿಂಗ್. ಯಾರೋ ಒಬ್ಬರು ನೀರು ಹೋಗದ ಡಬ್ಬಿಯೊಂದನ್ನು ಬಚ್ಚಿಟ್ಟು, ಆ ಜಾಗದ ಅಕ್ಷಾಂಶ-ರೇಖಾಂಶವನ್ನು ಇಂಟರ್‌ನೆಟ್‌ನಲ್ಲಿ ಹಾಕುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹೋಗಿ ಹುಡುಕಿ, ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಅಲ್ಲೇ ಇಟ್ಟು ಬರುತ್ತಾರೆ.

ಈ ಆಟಕ್ಕೆಂದು ಗಟ್ಟಿಮುಟ್ಟಾದ ಜಿಪಿಎಸ್ ಯಂತ್ರವನ್ನೇ ಕೊಳ್ಳಬೇಕೇ, ಮೊಬೈಲ್ ಸಾಕೇ ಎಂಬ ವಿಷಯದಲ್ಲಿ ಹರಿದಾಡುವ ಮಾತುಗಳಲ್ಲಿ ಅರ್ಧಸತ್ಯಗಳೇ ಹೆಚ್ಚು. ‘ನೆಟ್‌ವರ್ಕ್ ಇಲ್ಲದಿದ್ದರೆ ಮೊಬೈಲ್ ಜಿಪಿಎಸ್ ಸತ್ತಂತೆ’, ‘ದುಬಾರಿ ಯಂತ್ರ ಅಡಿ ತಪ್ಪದಂತೆ ಜಾಗ ತೋರಿಸುತ್ತದೆ’, ‘ಮಿಲಿಟರಿ ಗ್ರೇಡ್ ಇದ್ದರೆ ಏನೂ ಆಗಲ್ಲ’, ‘ಭಾರತಕ್ಕೆ ಜಿಪಿಎಸ್ ತಂದರೆ ಜೈಲು’. ಕೊನೆಯ ಮಾತಿನಲ್ಲಿ ನಿಜದ ಅಂಶವಿದೆ. ಅದಕ್ಕೆ ಆಮೇಲೆ ಬರುತ್ತೇವೆ.

ಜಿಪಿಎಸ್ ಯಂತ್ರ ಮಾಡುವುದೇನು?

ಕೇಳಿಸಿಕೊಳ್ಳುವುದು, ಅಷ್ಟೇ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ‘ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು’ ಎಂದು ಬಿಡುವಿಲ್ಲದೆ ಸಾರುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ, ಅವು ಬರಲು ಹಿಡಿದ ಸಮಯದ ಲೆಕ್ಕದಿಂದ ನಮ್ಮ ಕೈಯಲ್ಲಿರುವ ಯಂತ್ರ ತಾನು ಎಲ್ಲಿದ್ದೇನೆಂದು ಕಂಡುಕೊಳ್ಳುತ್ತದೆ. ಅದು ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ಮನೆಯ ರೇಡಿಯೋ ಆಕಾಶವಾಣಿಗೆ ತಿರುಗಿ ಮಾತಾಡುವುದಿಲ್ಲವಲ್ಲ, ಹಾಗೆಯೇ. ‘ಜಿಪಿಎಸ್ ಆನ್ ಇದ್ದರೆ ಉಪಗ್ರಹ ನಮ್ಮನ್ನು ನೋಡುತ್ತಿರುತ್ತದೆ’ ಎಂಬುದು ಈ ಕಾರಣಕ್ಕೇ ತಪ್ಪು. ನಿಮ್ಮ ಜಾಗವನ್ನು ಬೇರೆಯವರಿಗೆ ತಿಳಿಸುವುದು ಆ್ಯಪ್ ಮತ್ತು ಇಂಟರ್‌ನೆಟ್.

ಮೊಬೈಲ್‌ನಲ್ಲಿರುವುದೂ ಇಂಥದೇ ರಿಸೀವರ್. ಸಿಮ್ ತೆಗೆದರೂ ಅದು ಕೆಲಸ ಮಾಡುತ್ತದೆ. ನೆಟ್‌ವರ್ಕ್ ಇದ್ದರೆ ಯಾವ ಉಪಗ್ರಹ ಎಲ್ಲಿದೆ ಎಂಬ ಮಾಹಿತಿ ಬೇಗ ಸಿಕ್ಕಿ, ಮೊದಲ ಬಾರಿ ಜಾಗ ಹಿಡಿಯುವ ಹೊತ್ತು ಕಡಿಮೆಯಾಗುತ್ತದೆ. ಕಾಡಿನಲ್ಲಿ ನಿಜಕ್ಕೂ ಕೈಕೊಡುವುದು ನಕ್ಷೆ. ಅದನ್ನು ಮೊದಲೇ ಇಳಿಸಿಕೊಂಡಿರದಿದ್ದರೆ ಖಾಲಿ ಪರದೆಯ ಮೇಲೆ ಒಂದು ನೀಲಿ ಚುಕ್ಕೆ ಮಾತ್ರ ಉಳಿಯುತ್ತದೆ. ಜನ ಅದನ್ನೇ ‘ಜಿಪಿಎಸ್ ಹೋಯಿತು’ ಅನ್ನುತ್ತಾರೆ.

ಎಷ್ಟು ನಿಖರ?

ಈ ಆಟ ಹುಟ್ಟಿದ್ದೇ ನಿಖರತೆಯಿಂದ. 2000ನೇ ಇಸವಿಯ ಮೇ ಆರಂಭದವರೆಗೆ ಅಮೆರಿಕ ಸರ್ಕಾರ ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ನೂರು ಮೀಟರ್‌ವರೆಗೂ ಆಚೀಚೆ ಆಗುತ್ತಿತ್ತು. ಆ ಪದ್ಧತಿ ನಿಂತದ್ದೇ ತಡ, ಮೇ 3ರಂದು ಒರೆಗನ್ ರಾಜ್ಯದ ಡೇವ್ ಉಲ್ಮರ್ ಎಂಬ ಕಂಪ್ಯೂಟರ್ ತಜ್ಞರು ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಒಂದು ಬಕೆಟ್ ಇಟ್ಟು ಅದರ ಅಕ್ಷಾಂಶ-ರೇಖಾಂಶವನ್ನು ಇಂಟರ್‌ನೆಟ್‌ನಲ್ಲಿ ಹಾಕಿದರು. ಅದರೊಳಗೆ ಪುಸ್ತಕ, ಸಾಫ್ಟ್‌ವೇರ್, ಚಾಟರ್‌ಬಿಲ್ಲಿನ ಜೊತೆ ಬೀನ್ಸ್ ಡಬ್ಬವೂ ಇತ್ತು! ಕೆಲವೇ ದಿನಗಳಲ್ಲಿ ಜನ ಅದನ್ನು ಹುಡುಕಿದರು.

ಈಗ ತೆರೆದ ಆಕಾಶದ ಕೆಳಗೆ ಮೊಬೈಲ್‌ನ ತಪ್ಪು ಸಾಮಾನ್ಯವಾಗಿ 5 ಮೀಟರ್‌ ಒಳಗೇ ಇರುತ್ತದೆ. ಅಂಥ ಬಯಲಿನಲ್ಲಿ ಕೈಜಿಪಿಎಸ್ ಅದಕ್ಕಿಂತ ಬಹಳ ಮುಂದೇನೂ ಇಲ್ಲ. ವ್ಯತ್ಯಾಸ ಕಾಣುವುದು ದಟ್ಟ ಮರಗಳ ಕೆಳಗೆ, ಬಂಡೆಗಳ ನಡುವಿನ ಕಣಿವೆಯಲ್ಲಿ. ಅಲ್ಲಿ ಸಂಕೇತ ಬಂಡೆಗೆ ಬಡಿದು ಸುತ್ತಿ ಬಂದು ಲೆಕ್ಕ ಕೆಡಿಸುತ್ತದೆ. ಎಲ್1 ಜೊತೆಗೆ ಎಲ್5 ಎಂಬ ಎರಡನೇ ತರಂಗವನ್ನೂ ಹಿಡಿಯುವ ಯಂತ್ರ ಇಂಥ ಕಡೆ ಉತ್ತಮ. ಗಾರ್ಮಿನ್ ಕಂಪನಿಯ ಜಿಪಿಎಸ್‌ಮ್ಯಾಪ್ 65ಎಸ್ ಅಂಥದ್ದು. ಆದರೆ 2018ರಿಂದ ಈ ಸೌಲಭ್ಯ ಕೆಲವು ಮೊಬೈಲ್‌ಗಳಲ್ಲೂ ಬಂದಿದೆ, ನಿಮ್ಮದರಲ್ಲೇ ಇರಬಹುದು.

ಇನ್ನೊಂದು ಮಾತು. ಡಬ್ಬಿ ಇಟ್ಟವರ ಜಿಪಿಎಸ್‌ನಲ್ಲೂ ತಪ್ಪಿರುತ್ತದೆ, ಹುಡುಕುವವರದ್ದರಲ್ಲೂ ಇರುತ್ತದೆ. ಅವರದ್ದು 4 ಮೀಟರ್ ಆ ಕಡೆ, ನಿಮ್ಮದು 4 ಮೀಟರ್ ಈ ಕಡೆ ಆದರೆ ಎಂಟು ಮೀಟರ್ ದೂರದ ಪೊದೆಯಲ್ಲಿ ತಡಕುತ್ತಿರುತ್ತೀರಿ. ಇದಕ್ಕೆ ಎಷ್ಟು ದುಡ್ಡು ಸುರಿದರೂ ಮದ್ದಿಲ್ಲ. ಹತ್ತು ಮೀಟರ್ ಹತ್ತಿರ ಬಂದ ಮೇಲೆ ಪರದೆ ಬಿಟ್ಟು ಮರದ ಬುಡ, ಕಲ್ಲಿನ ಸಂದು ನೋಡುವುದೇ ಸರಿ.

ಯಂತ್ರಕ್ಕಿಂತ ದೊಡ್ಡ ತಪ್ಪು ನಾವು ಅಂಕಿ ತುಂಬಿಸುವಾಗ ಆಗುತ್ತದೆ. ಜಿಯೋಕ್ಯಾಶಿಂಗ್‌ನಲ್ಲಿ ಜಾಗವನ್ನು ಡಿಗ್ರಿ ಮತ್ತು ದಶಮಾಂಶ ನಿಮಿಷದಲ್ಲಿ ಬರೆಯುತ್ತಾರೆ. ಉಲ್ಮರ್ ಅವರ ಬಕೆಟ್ ಇದ್ದದ್ದು ಉತ್ತರ 45° 17.460 ನಿಮಿಷದಲ್ಲಿ. ಇದನ್ನು ಬರೀ ಡಿಗ್ರಿಗೆ ತಂದರೆ 45.2910. ಯಾರಾದರೂ ಇದನ್ನು 45.17460 ಎಂದು ಒತ್ತಿದರೆ ಹತ್ತಿರಹತ್ತಿರ 13 ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ನಿಲ್ಲುತ್ತಾರೆ. ಯಂತ್ರದ ಸೆಟ್ಟಿಂಗ್ಸ್‌ನಲ್ಲಿ ಇದೇ ರೂಪವನ್ನೂ ಡಬ್ಲ್ಯುಜಿಎಸ್84 ಎಂಬ ಮಾನದಂಡವನ್ನೂ ಆರಿಸಿಕೊಂಡಿದ್ದೀರಾ ಎಂದು ಮೊದಲ ದಿನವೇ ನೋಡಿಕೊಳ್ಳಿ.

ಹಾಗಾದರೆ ದುಡ್ಡು ಕೊಡುವುದು ಯಾವುದಕ್ಕೆ?

ಬ್ಯಾಟರಿಗೆ, ಮೈಕಟ್ಟಿಗೆ, ಗುಂಡಿಗಳಿಗೆ. ನಮ್ಮ ಪ್ರಕಾರ ಕೊಳ್ಳಲು ಇವೇ ನಿಜವಾದ ಕಾರಣಗಳು.

ದಿನವಿಡೀ ಪರದೆ ಹೊತ್ತಿಸಿಕೊಂಡು ನಡೆದರೆ ಮೊಬೈಲ್ ಸಂಜೆಗೆ ಮುಂಚೆ ಮಲಗುತ್ತದೆ. ಕಾಡಿನಲ್ಲಿ ಕಾಲು ಉಳುಕಿದಾಗ ಸಹಾಯಕ್ಕೆ ಕರೆ ಮಾಡಬೇಕಾದದ್ದೂ ಅದೇ ಮೊಬೈಲ್. ದಾರಿ ನೋಡುವ ಕೆಲಸವನ್ನು ಬೇರೆ ಯಂತ್ರಕ್ಕೆ ಕೊಟ್ಟರೆ ಫೋನಿನ ಚಾರ್ಜ್ ಉಳಿಯುತ್ತದೆ. ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್ ಎರಡು ಎಎ ಸೆಲ್‌ನಲ್ಲಿ 25 ಗಂಟೆ ನಡೆಯುತ್ತದೆ, 2023ರಲ್ಲಿ ಬಂದ ಇಟ್ರೆಕ್ಸ್ ಎಸ್‌ಇ 168 ಗಂಟೆ ನಡೆಯುತ್ತದೆ ಎಂದು ಕಂಪನಿ ಹೇಳುತ್ತದೆ. ಎಎ ಎಂದರೆ ನಮ್ಮ ಗೋಡೆ ಗಡಿಯಾರಕ್ಕೆ ಹಾಕುವ ಸೆಲ್. ಎಲ್ಲ ಕಡೆ ಸಿಗುತ್ತದೆ. ಹಿಮ ಬೀಳುವ ಊರಿನಲ್ಲಿ ಆಲ್ಕಲೈನ್ ಸೆಲ್ ಚಳಿಗೆ ಬೇಗ ಸೊರಗುತ್ತದೆ, ಲಿಥಿಯಂ ಎಎ ಹಾಕಬೇಕು.

ಮಳೆಯಲ್ಲಿ ಟಚ್‌ಸ್ಕ್ರೀನ್ ಹನಿಯನ್ನೂ ಬೆರಳೆಂದುಕೊಳ್ಳುತ್ತದೆ. ಕೈಗವಸು ಹಾಕಿದರೆ ಬೆರಳನ್ನೂ ಗುರುತಿಸದಿರಬಹುದು. ಗುಂಡಿ ಇರುವ ಯಂತ್ರಕ್ಕೆ ಈ ಗೋಳಿಲ್ಲ.

ದಿಕ್ಸೂಚಿ ಇದೆಯೇ ಎಂದು ತಪ್ಪದೆ ಕೇಳಿ. ಬರೀ ಜಿಪಿಎಸ್‌ಗೆ ನೀವು ನಡೆಯುವಾಗ ಮಾತ್ರ ದಿಕ್ಕು ತಿಳಿಯುತ್ತದೆ. ನಿಂತರೆ ಬಾಣ ಎತ್ತೆತ್ತಲೋ ತಿರುಗುತ್ತದೆ. ಡಬ್ಬಿಯ ಹತ್ತಿರ ಬಂದು ನಿಂತು ನಿಂತು ಹುಡುಕುವ ಆಟದಲ್ಲಿ ಇದು ತಲೆನೋವು. ಇಟ್ರೆಕ್ಸ್ 22ಎಕ್ಸ್‌ನಲ್ಲಿ ಎಲೆಕ್ಟ್ರಾನಿಕ್ ದಿಕ್ಸೂಚಿ ಇಲ್ಲ, 32ಎಕ್ಸ್‌ನಲ್ಲಿ ಇದೆ. ಹೊರನೋಟಕ್ಕೆ ಎರಡೂ ಒಂದೇ ತರಹ. ಎಸ್‌ಇಯಲ್ಲಿ ದಿಕ್ಸೂಚಿ ಇದೆ, ಆದರೆ ಪರದೆ ಕಪ್ಪುಬಿಳುಪು, ನಕ್ಷೆ ಇಲ್ಲ. ಡಬ್ಬಿ ಹುಡುಕಲು ಅದು ಸಾಕು. ಗೊತ್ತಿಲ್ಲದ ಕಾಡಿನಲ್ಲಿ ದಾರಿ ನೋಡಿಕೊಂಡು ಅಲೆಯುವವರು ನಕ್ಷೆ ಇರುವುದನ್ನೇ ಕೊಳ್ಳಲಿ.

‘ಮಿಲಿಟರಿ ಗ್ರೇಡ್’ ಮತ್ತು ‘ವಾಟರ್‌ಪ್ರೂಫ್’

ಪೆಟ್ಟಿಗೆಯ ಮೇಲೆ ಮಿಲ್-ಎಸ್‌ಟಿಡಿ-810 ಎಂದು ಬರೆದಿದ್ದರೆ ಸೇನೆ ಅದನ್ನು ಪರೀಕ್ಷಿಸಿ ಮುದ್ರೆ ಒತ್ತಿದೆ ಎಂದಲ್ಲ. ಅದು ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ವಿಧಾನಗಳ ದೊಡ್ಡ ಕಡತ. ಬೀಳಿಸುವುದು, ಅಲುಗಿಸುವುದು, ಬಿಸಿ, ಚಳಿ, ದೂಳು ಹೀಗೆ ಅದರಲ್ಲಿ ಹಲವು ಪರೀಕ್ಷೆಗಳಿವೆ. ತಯಾರಕರು ತಮಗೆ ಬೇಕಾದ ಒಂದೆರಡನ್ನು ಮಾಡಿಸಿಯೂ ಆ ಹೆಸರು ಹಾಕಿಕೊಳ್ಳಬಹುದು. ಯಾವ ಪರೀಕ್ಷೆ ಎಂದು ಹೇಳದ ಜಾಹೀರಾತಿಗೆ ಹೆಚ್ಚು ಬೆಲೆ ಕೊಡಬೇಡಿ.

ಐಪಿಎಕ್ಸ್7 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇಟ್ಟರೂ ಹಾಳಾಗದು. ಇಲ್ಲಿ ಎಕ್ಸ್ ಎಂಬುದು ದೂಳಿನ ಜಾಗ. ಆ ಪರೀಕ್ಷೆಯ ಅಂಕ ಕೊಟ್ಟಿಲ್ಲ ಎಂದರ್ಥ. ಐಪಿ67 ಎಂದಿದ್ದರೆ ದೂಳೂ ಹೋಗದು. ಎರಡರಲ್ಲಿ ಯಾವುದೂ ‘ತೇಲುತ್ತದೆ’ ಎಂದು ಹೇಳುವುದಿಲ್ಲ. ಹೊಳೆಗೆ ಬಿದ್ದ ಇಟ್ರೆಕ್ಸ್ ಹಾಳಾಗದೆ ತಳದಲ್ಲಿ ಕೂತಿರುತ್ತದೆ! ಮಣಿಕಟ್ಟಿಗೊಂದು ದಾರ ಕಟ್ಟಿಕೊಂಡರೆ ಮುಗಿಯಿತು.

ಹಳೆಯದನ್ನು ಅಗ್ಗಕ್ಕೆ ಕೊಳ್ಳುವವರಿಗೂ ಒಂದು ಎಚ್ಚರಿಕೆ ಇದೆ. ಜಿಪಿಎಸ್ ವಾರಗಳನ್ನು ಸೊನ್ನೆಯಿಂದ 1023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 2019ರ ಏಪ್ರಿಲ್ 6ರಂದು ಹಾಗಾಯಿತು. ಸಾಫ್ಟ್‌ವೇರ್ ಅಪ್‌ಡೇಟ್ ಆಗದ ಹಳೆಯ ಯಂತ್ರಗಳು ಸುಮಾರು 20 ವರ್ಷ ಹಿಂದಿನ ದಿನಾಂಕ ತೋರಿಸಬಹುದು. ಕೊಳ್ಳುವ ಮೊದಲು ಬಯಲಿನಲ್ಲಿ ಆನ್ ಮಾಡಿ ದಿನಾಂಕ ನೋಡಿ.

ಊರಿಗೆ ತಂದರೆ ಜೈಲೇ?

ಫಾರ್ವರ್ಡ್ ಮಾಡುವುದಾದರೆ ಈ ಭಾಗವನ್ನು ಮಾಡಿ. ಕೈಜಿಪಿಎಸ್‌ಗಳಲ್ಲಿ ಎರಡು ಜಾತಿ. ಒಂದು, ಮೇಲೆ ಹೇಳಿದಂತೆ ಬರೀ ಕೇಳುವುದು. ಇನ್ನೊಂದು ಉಪಗ್ರಹಕ್ಕೆ ತಿರುಗಿ ಮಾತಾಡುವುದು. ಗಾರ್ಮಿನ್‌ನ ಇನ್‌ರೀಚ್ ಸಾಧನಗಳು ಇರಿಡಿಯಂ ಉಪಗ್ರಹಗಳ ಮೂಲಕ ಸಂದೇಶ ಮತ್ತು ಎಸ್‌ಒಎಸ್ ಕಳಿಸುತ್ತವೆ. ಒರೆಗನ್‌ನ ಕಾಡಿನಲ್ಲಿ ಇದು ಪ್ರಾಣ ಉಳಿಸುವ ವಸ್ತು. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಉಪಗ್ರಹ ಸಂಪರ್ಕ ಸಾಧನ ಇಟ್ಟುಕೊಳ್ಳುವುದು ಅಪರಾಧ. 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಕೆನಡಾದ ಓಟಗಾರ್ತಿಯೊಬ್ಬರನ್ನು ಇನ್‌ರೀಚ್ ಇದ್ದ ಕಾರಣಕ್ಕೆ ತಡೆದರು. ಅವರಿಗೆ ಅದು ಬರೀ ಸುರಕ್ಷತಾ ಸಾಧನವಾಗಿತ್ತು.

ತೊಂದರೆ ಏನೆಂದರೆ ಎರಡು ಜಾತಿಯ ನಡುವೆ ಹೆಸರಿನಲ್ಲಿ ಇರುವ ವ್ಯತ್ಯಾಸ ಒಂದೇ ಅಕ್ಷರ. ಜಿಪಿಎಸ್‌ಮ್ಯಾಪ್ 67 ಕೇಳುವ ಯಂತ್ರ, 67ಐ ಮಾತಾಡುವ ಯಂತ್ರ. 66ಎಸ್ ಮತ್ತು 66ಐ, ಮೊಂಟಾನಾ 700 ಮತ್ತು 700ಐ ಕೂಡ ಹಾಗೆಯೇ. ಚಂದಾ ಕಟ್ಟಿಲ್ಲ, ಸ್ವಿಚ್ ಆಫ್ ಇದೆ ಎಂಬುದು ಸಮಜಾಯಿಷಿ ಆಗುವುದಿಲ್ಲ, ಇಟ್ಟುಕೊಂಡಿರುವುದೇ ಪ್ರಶ್ನೆ.

ಆದ್ದರಿಂದ ರಜೆಗೆ ಬೆಂಗಳೂರಿಗೆ ಬರುವವರು ಚೀಲ ಕಟ್ಟುವ ಮುನ್ನ ಬೆನ್ನುಚೀಲದ ಪಟ್ಟಿಯನ್ನೂ ಸೇರಿಸಿ ಎಲ್ಲ ಕಡೆ ನೋಡಲಿ. ಇನ್‌ರೀಚ್ ಮಿನಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಅಲ್ಲೇ ನೇತಾಡುತ್ತಿರುತ್ತದೆ. ಕೇಳುವ ಯಂತ್ರವನ್ನೇ ತರುವವರೂ ಮಾದರಿಯ ಹೆಸರಿರುವ ಕೈಪಿಡಿಯ ಪುಟವನ್ನು ಜೊತೆಗಿಟ್ಟುಕೊಂಡರೆ ಒಳ್ಳೆಯದು. ತಪಾಸಣೆಯ ಸಿಬ್ಬಂದಿಗೆ ಎರಡೂ ಒಂದೇ ತರಹ ಕಾಣಬಹುದು, ಎರಡರ ಮೇಲೂ ‘ಗಾರ್ಮಿನ್’ ಎಂದೇ ಬರೆದಿರುತ್ತದೆ. ಕೆಲವು ದಿನದ ರಜೆಗೆ ಬಂದು ಇಲ್ಲಿನ ನಾಲ್ಕು ಡಬ್ಬಿ ಹುಡುಕುವುದಷ್ಟೇ ಆಸೆಯಾದರೆ, ಯಂತ್ರವನ್ನು ಅಲ್ಲೇ ಬಿಟ್ಟು ನಕ್ಷೆ ಇಳಿಸಿಕೊಂಡ ಮೊಬೈಲ್ ಮತ್ತು ಒಂದು ಪವರ್ ಬ್ಯಾಂಕ್ ತನ್ನಿ.