ಹಿಂಚಕ್ರಗಳ ಹಿಡಿತ: ಮಾರ್ಪಡಿಸಿದ ಕಾರಿನಲ್ಲಿ ಓವರ್‌ಸ್ಟಿಯರ್ ತಗ್ಗಿಸುವುದು

ಮಾರುತಿ ಸ್ವಿಫ್ಟ್, ಫೋಕ್ಸ್‌ವ್ಯಾಗನ್ ಪೋಲೊ, ಹ್ಯುಂಡೈ ಐ20ಯಂಥ ಕಾರುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್ ಎರಡೂ ಮುಂದಿವೆ. ಕಾರನ್ನು ಎಳೆಯುವುದೂ ಮುಂದಿನ ಚಕ್ರಗಳೇ. ಒಬ್ಬರೇ ಕುಳಿತು ಓಡಿಸುವಾಗ ಒಟ್ಟು ತೂಕದ ಶೇ. 60ರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಮುಂದಿನ ಆಕ್ಸಲ್ ಮೇಲಿರುತ್ತದೆ. ತಿರುವಿನಲ್ಲಿ ವೇಗ ಮಿತಿಮೀರಿದರೆ ಇಂಥ ಕಾರಿನ ಮೂತಿ ಹೊರಕ್ಕೆ ಸರಿಯುತ್ತದೆ, ಸ್ಟೀರಿಂಗ್ ತಿರುಗಿಸಿದಷ್ಟು ಕಾರು ತಿರುಗುವುದಿಲ್ಲ. ಇದು ಅಂಡರ್‌ಸ್ಟಿಯರ್. ತಯಾರಕರು ಬೇಕೆಂದೇ ಹೀಗೆ ಮಾಡಿರುತ್ತಾರೆ. ಗಾಬರಿಯಾದವರು ಮೊದಲು ಮಾಡುವ ಕೆಲಸ ಆಕ್ಸಿಲರೇಟರ್‌ನಿಂದ ಕಾಲು ತೆಗೆಯುವುದು. ಅಷ್ಟು ಮಾಡಿದರೆ ಕಾರು ದಾರಿಗೆ ಬರುತ್ತದೆ.

ಓವರ್‌ಸ್ಟಿಯರ್‌ನಲ್ಲಿ ಹಿಂದಿನ ಟೈರುಗಳು ಮೊದಲು ಹಿಡಿತ ಬಿಡುತ್ತವೆ. ಮೂತಿ ಒಳಕ್ಕೆ, ಬಾಲ ಹೊರಕ್ಕೆ. ಶೋರೂಮಿನಿಂದ ಬಂದ ಸ್ಥಿತಿಯಲ್ಲಿರುವ ಹ್ಯಾಚ್‌ಬ್ಯಾಕಿನಲ್ಲಿ ಇದು ಅಪರೂಪ, ಮಾರ್ಪಡಿಸಿದ್ದರಲ್ಲಿ ಅಲ್ಲ. ಅಂಡರ್‌ಸ್ಟಿಯರ್ ಕಳೆಯಲೆಂದು ಹಾಕಿಸಿದ ಬಿಡಿಭಾಗಗಳೇ ಬಹುಪಾಲು ಇದಕ್ಕೆ ಕಾರಣ. ಆದ್ದರಿಂದ ಪರಿಹಾರವೆಂದರೆ ಇನ್ನೊಂದು ಭಾಗ ಕೊಂಡು ಕೂಡಿಸುವುದು ಎಂಬ ಲೆಕ್ಕಾಚಾರವನ್ನು ಮೊದಲೇ ಬದಿಗಿಡಬೇಕು. ಹಿಂದಿನ ಟೈರುಗಳು ಕಳೆದುಕೊಂಡ ಹಿಡಿತವನ್ನು ಅವಕ್ಕೆ ವಾಪಸು ಕೊಡುವುದು ಇಲ್ಲಿನ ಕೆಲಸ.

ಕಾಲು ತೆಗೆದಾಗ ಏನಾಗುತ್ತದೆ

ಸುಮಾರು 1000 ಕೆಜಿ ತೂಕದ ಹ್ಯಾಚ್‌ಬ್ಯಾಕ್ ಒಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಮುಂದೆ 620 ಕೆಜಿ, ಹಿಂದೆ 380 ಕೆಜಿ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.4 ಮೀಟರ್, ತೂಕದ ಕೇಂದ್ರ ನೆಲದಿಂದ ಅರ್ಧ ಮೀಟರಿಗಿಂತ ತುಸು ಮೇಲೆ. ಗುರುತ್ವ ವೇಗೋತ್ಕರ್ಷದ ಅರ್ಧದಷ್ಟು ಬಲವಾಗಿ ಬ್ರೇಕ್ ಒತ್ತಿದರೆ ನೂರು ಕೆಜಿಗೂ ಹೆಚ್ಚು ಭಾರ ಹಿಂದಿನಿಂದ ಮುಂದಕ್ಕೆ ಬೀಳುತ್ತದೆ. ಹಿಂದೆ ಉಳಿಯುವುದು 270 ಕೆಜಿಯ ಆಸುಪಾಸು. ಬ್ರೇಕ್ ಮುಟ್ಟದೆ, ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಎಳೆತದಿಂದ ಇದೇ ಪರಿಣಾಮ ಸಣ್ಣ ಪ್ರಮಾಣದಲ್ಲಿ ಆಗುತ್ತದೆ. ನೇರ ರಸ್ತೆಯಲ್ಲಿ ಇದರಿಂದ ತೊಂದರೆಯಿಲ್ಲ. ತಿರುವಿನ ನಡುವೆ, ಹಿಂದಿನ ಟೈರುಗಳು ಆಗಲೇ ಮಿತಿಯ ಹತ್ತಿರವಿದ್ದರೆ, ಬಾಲ ಜಾರಲು ಇಷ್ಟು ಸಾಕು.

1984ರಲ್ಲಿ ಬಂದ ಪ್ಯೂಜೊ 205 ಜಿಟಿಐ ಹೆಸರಾದದ್ದು ಇದೇ ಗುಣಕ್ಕೆ. ತಿರುವಿನಲ್ಲಿ ಕಾಲು ತೆಗೆದರೆ ಹಿಂಭಾಗ ಸುತ್ತಿ ಬರುತ್ತಿತ್ತು. ಪಳಗಿದ ಕೈಗಳಿಗೆ ಅದು ಹಿತವಾಗಿತ್ತು, ಒದ್ದೆ ರಸ್ತೆಯಲ್ಲಿ ಬೆಚ್ಚಿಬಿದ್ದವರೂ ಬಹಳ. ನಮ್ಮ ಚಾರ್ಮಾಡಿ, ಆಗುಂಬೆ ಘಟ್ಟಗಳನ್ನು ಇಳಿಯುವಾಗ ಇಳಿಜಾರಿನಿಂದಲೇ ಭಾರ ಮುಂದಕ್ಕೆ ವಾಲಿರುತ್ತದೆ. ಅದರ ಮೇಲೆ ಬ್ರೇಕು, ಮಳೆ. ಸಪಾಟು ಹೆದ್ದಾರಿಯಲ್ಲಿ ಎಂದೂ ಕಾಣಿಸಿಕೊಳ್ಳದ ದೋಷ ಹೇರ್‌ಪಿನ್ ತಿರುವಿನಲ್ಲಿ ಬಯಲಾಗುತ್ತದೆ.

ದಪ್ಪ ಬಾರಿನ ಲೆಕ್ಕ

ತಿರುವಿನಲ್ಲಿ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಭಾರ ದಾಟುತ್ತದೆ. ಒಟ್ಟು ಎಷ್ಟು ದಾಟಬೇಕೆಂಬುದನ್ನು ವೇಗ, ತಿರುವಿನ ಬಿಗಿ, ಕಾರಿನ ಎತ್ತರ ಮತ್ತು ಅಗಲ ನಿರ್ಧರಿಸುತ್ತವೆ. ಅದರಲ್ಲಿ ಮುಂದಿನ ಆಕ್ಸಲ್ಲಿನ ಪಾಲೆಷ್ಟು, ಹಿಂದಿನದೆಷ್ಟು ಎಂಬುದು ಬಹುಮಟ್ಟಿಗೆ ಸ್ಪ್ರಿಂಗ್ ಮತ್ತು, ಕಾರು ಪಕ್ಕಕ್ಕೆ ವಾಲದಂತೆ ಎಡ ಬಲ ಚಕ್ರಗಳನ್ನು ಜೋಡಿಸುವ ಸರಳಾದ ಆಂಟಿ ರೋಲ್ ಬಾರ್‌ಗಳ ಗಡಸುತನಕ್ಕೆ ಬಿಟ್ಟದ್ದು. ಟೈರಿನ ಮೇಲೆ ಭಾರ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ, ಆದರೆ ಅದೇ ಅನುಪಾತದಲ್ಲಲ್ಲ. ಒಂದು ಟೈರಿಗೆ 300 ಕೆಜಿ, ಇನ್ನೊಂದಕ್ಕೆ 80 ಕೆಜಿ ಹಾಕಿದರೆ ಸಿಗುವ ಹಿಡಿತ, ಎರಡಕ್ಕೂ 190 ಕೆಜಿ ಹಂಚಿದಾಗ ಸಿಗುವುದಕ್ಕಿಂತ ಕಡಿಮೆ. ಹಿಂದೆ ಗಡಸು ಬಾರ್ ಹಾಕಿದಾಗ ಆಗುವುದು ಇದೇ. ಹಿಂದಿನ ಜೋಡಿಯ ಒಟ್ಟು ಹಿಡಿತ ಇಳಿಯುತ್ತದೆ, ಮುಂದಿನ ಜೋಡಿಯದು ಏರುತ್ತದೆ.

ಇಲ್ಲಿ ಒಂದು ಅಂಕಿಯನ್ನು ಗಟ್ಟಿಯಾಗಿ ಹೇಳಲೇಬೇಕು. ಉದ್ದ, ಆಕಾರ ಒಂದೇ ಇದ್ದರೆ ಗಟ್ಟಿ ಸರಳಿನ ತಿರುಚು ಗಡಸುತನ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿರುತ್ತದೆ. 16 ಮಿ.ಮೀ. ಬಾರ್ ತೆಗೆದು 22 ಮಿ.ಮೀ. ಹಾಕಿದರೆ ಕಣ್ಣಿಗೆ ಕಾಣುವುದು ಆರು ಮಿಲಿಮೀಟರ್ ವ್ಯತ್ಯಾಸ. ಗಡಸುತನ ಮೂರೂವರೆ ಪಟ್ಟು. 18ರಿಂದ 22ಕ್ಕೆ ಹೋದರೂ ಎರಡು ಪಟ್ಟು ದಾಟುತ್ತದೆ. ಒಣಗಿದ ರೇಸ್ ಟ್ರ್ಯಾಕಿನಲ್ಲಿ, ಒಂದೇ ಬಗೆಯ ಅಂಟು ಟೈರುಗಳ ಮೇಲೆ ಇದು ಲಾಭ ತರಬಹುದು. ದಿನಾ ಆಫೀಸಿಗೆ ಹೋಗುವ ಕಾರಿಗೆ ಇಷ್ಟು ದಪ್ಪ ಹಿಂಬಾರ್ ತಪ್ಪು ಆಯ್ಕೆ.

ಮತ್ತೂ ಕೆಲವು ಮಾರ್ಪಾಡುಗಳು ಸದ್ದಿಲ್ಲದೆ ಇದೇ ಕೆಲಸ ಮಾಡುತ್ತವೆ. ಹಿಂದಿನ ಸೀಟು, ಸ್ಟೆಪ್ನಿ ತೆಗೆದರೆ ಮೊದಲೇ ಹಗುರವಾದ ಹಿಂಭಾಗ ಇನ್ನೂ ಹಗುರವಾಗುತ್ತದೆ. ಮುಂದಿನ ಚಕ್ರಗಳಿಗೆ ಹೆಚ್ಚು ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿಯ ಒಳವಾಲು) ಕೊಟ್ಟು ಹಿಂದಿನವನ್ನು ಹಾಗೆಯೇ ಬಿಟ್ಟರೆ ಮೂತಿಯ ಹಿಡಿತ ಮಾತ್ರ ಏರುತ್ತದೆ. ಡಿಕ್ಕಿಯ ಮೇಲೆ ರೆಕ್ಕೆ ಕೂರಿಸಿ ಇದನ್ನು ಸರಿದೂಗಿಸಲು ಬರುವುದಿಲ್ಲ: ಗಾಳಿಯ ಒತ್ತು ವೇಗದ ವರ್ಗಕ್ಕೆ ಅನುಗುಣ, 50 ಕಿ.ಮೀ. ವೇಗದಲ್ಲಿ ಸಿಗುವುದು 150ರಲ್ಲಿ ಸಿಗುವುದರ ಒಂಬತ್ತನೇ ಒಂದು ಭಾಗ.

ಮೊದಲು ಟೈರ್

ಮುಂದಿನ ಚಕ್ರಗಳೇ ಎಳೆಯುವ ಕಾರಿನಲ್ಲಿ ಮುಂದಿನ ಟೈರು ಬೇಗ ಸವೆಯುತ್ತದೆ. ಹಾಗಾಗಿ ಎರಡೇ ಹೊಸ ಟೈರ್ ಕೊಂಡವರು ಅವನ್ನು ಮುಂದೆ ಹಾಕಿಸುತ್ತಾರೆ, ಅರ್ಧ ಸವೆದವು ಹಿಂದೆ ಉಳಿಯುತ್ತವೆ. ಮಳೆಗಾಲದಲ್ಲಿ ಇದಕ್ಕಿಂತ ಅಪಾಯದ ಜೋಡಣೆ ಇನ್ನೊಂದಿಲ್ಲ. ನಿಂತ ನೀರನ್ನು ಮುಂದಿನ ಟೈರು ಸೀಳಿಕೊಂಡು ಹೋಗುತ್ತದೆ, ಹಿಂದಿನದು ನೀರಿನ ಮೇಲೆ ತೇಲುತ್ತದೆ. ಟೈರ್ ತಯಾರಕರ ಸಲಹೆ ಸ್ಪಷ್ಟವಾಗಿದೆ: ಎಳೆಯುವ ಚಕ್ರ ಯಾವುದೇ ಇರಲಿ, ಹೆಚ್ಚು ಟ್ರೆಡ್ ಉಳಿದಿರುವ ಜೋಡಿ ಹಿಂದಿರಬೇಕು. ಟ್ರೆಡ್ ಆಳಕ್ಕೆ ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ., ಆದರೆ ನೀರನ್ನು ಹೊರಹಾಕುವ ಶಕ್ತಿ ಅದಕ್ಕೆ ಬಹಳ ಮೊದಲೇ ಕುಗ್ಗಿರುತ್ತದೆ.

ನಾಲ್ಕೂ ಟೈರುಗಳು ಒಂದೇ ಕಂಪನಿಯ, ಒಂದೇ ಮಾದರಿಯ, ಒಂದೇ ಅಳತೆಯವಾಗಿರಲಿ. ಗಾಳಿಯನ್ನು ಚಾಲಕನ ಬಾಗಿಲಿನ ಬಳಿ ಅಂಟಿಸಿರುವ ಪಟ್ಟಿಯಲ್ಲಿ ಇದ್ದಷ್ಟೇ, ಟೈರ್ ತಣ್ಣಗಿರುವಾಗ ತುಂಬಿಸಿ. ಮೂತಿ ಚೆನ್ನಾಗಿ ತಿರುಗಲಿ ಎಂದು ಹಿಂದಿನ ಟೈರಿಗೆ ಹೆಚ್ಚು ಗಾಳಿ ಹಾಕುವ ಟ್ರ್ಯಾಕಿನ ಉಪಾಯ ರಸ್ತೆಗೆ ಬೇಡ. ಇಷ್ಟು ಸರಿಪಡಿಸುವುದರಲ್ಲೇ ಅನೇಕ ಕಾರುಗಳ ಜಾರಾಟ ನಿಂತುಹೋಗುತ್ತದೆ. ಟೈರ್ ನೋಡದೆ ಸಸ್ಪೆನ್ಷನ್ ಬಿಚ್ಚುವುದು ದುಡ್ಡು ದಂಡ.

ಹಿಂದಿನ ಟೋ, ಬೀಮ್ ಮತ್ತು ಬುಶ್

ಹಿಂದಿನ ಎರಡು ಚಕ್ರಗಳ ಮುಂಬದಿ ಕೂದಲೆಳೆಯಷ್ಟು ಒಳಮುಖವಾಗಿದ್ದರೆ ಅದು ಟೋ-ಇನ್, ಹೊರಮುಖವಾಗಿದ್ದರೆ ಟೋ-ಔಟ್. ಟೋ-ಇನ್ ಇದ್ದಾಗ ಭಾರ ಹೊತ್ತ ಹೊರಗಿನ ಹಿಂಚಕ್ರ ತಿರುವಿನ ಒಳಬದಿಗೆ ಮುಖ ಮಾಡಿ ಬಾಲವನ್ನು ಹಿಡಿದಿಡುತ್ತದೆ. ಟೋ-ಔಟ್ ಇದ್ದರೆ ಅದೇ ಚಕ್ರ ಬಾಲವನ್ನು ಹೊರಕ್ಕೆ ನೂಕುತ್ತದೆ. ಬೇಗ ತಿರುಗಲೆಂದು ಹಿಂದೆ ಟೋ-ಔಟ್ ಇಟ್ಟ ಕಾರುಗಳಿವೆ. ಅದನ್ನು ತಯಾರಕರು ಹೇಳಿದ ಟೋ-ಇನ್‌ಗೆ ಮರಳಿಸಿದರೆ ಸಿಗುವ ಫಲ ದೊಡ್ಡದು, ಖರ್ಚು ಸಣ್ಣದು.

ಆದರೆ ಸ್ವಿಫ್ಟ್, ಪೋಲೊಗಳ ಹಿಂದಿರುವುದು ಟಾರ್ಷನ್ ಬೀಮ್. ಎರಡು ಚಕ್ರಗಳನ್ನೂ ಒಂದೇ ತೊಲೆ ಜೋಡಿಸುತ್ತದೆ. ಟೋ ತಿರುಗಿಸಲು ಬೋಲ್ಟ್ ಇರುವುದಿಲ್ಲ. ಹಬ್ ಮತ್ತು ಬೀಮ್ ನಡುವೆ ತೆಳುವಾದ, ಓರೆಯಾಗಿ ಕಡೆದ ಶಿಮ್ ಇಟ್ಟು ಕೋನ ಬದಲಿಸಬೇಕು. ಅಲೈನ್‌ಮೆಂಟ್ ಯಂತ್ರದ ಮುಂದೆ ಮುಂದಿನ ಚಕ್ರಗಳನ್ನಷ್ಟೇ ಸರಿಪಡಿಸಿ ಕಳಿಸುವ ಅಂಗಡಿಗಳಿವೆ. ಹಿಂದಿನ ಅಳತೆಯನ್ನೂ ಕೇಳಿ ಕಾಗದದಲ್ಲಿ ಪಡೆಯಬೇಕು. ಗುಂಡಿಗೆ ಬಿದ್ದು ಬೀಮ್ ತುಸು ಬಾಗಿದ್ದರೆ ಅದು ಈ ಕಾಗದದಲ್ಲೇ ಗೊತ್ತಾಗುತ್ತದೆ.

ಬೀಮ್‌ನ ಬುಶ್‌ಗಳತ್ತ ಗಮನ ಹರಿಸುವವರು ಕಡಿಮೆ. ಬೀಮ್ ದೇಹಕ್ಕೆ ಕೂಡುವ ಜಾಗ ಚಕ್ರಗಳಿಗಿಂತ ಮುಂದಿದೆ. ತಿರುವಿನಲ್ಲಿ ರಸ್ತೆ ಟೈರನ್ನು ಅಡ್ಡಕ್ಕೆ ಒತ್ತಿದಾಗ ರಬ್ಬರ್ ಬುಶ್ ಮಣಿದು, ಇಡೀ ಬೀಮ್ ಸ್ವಲ್ಪ ತಿರುಗಿ, ಹೊರಗಿನ ಚಕ್ರ ಟೋ-ಔಟ್ ಆಗಲು ನೋಡುತ್ತದೆ. ಇದನ್ನು ತಡೆಯಲೆಂದೇ ಫೋಕ್ಸ್‌ವ್ಯಾಗನ್ ತನ್ನ ಗಾಲ್ಫ್‌ನಲ್ಲಿ ಬುಶ್‌ಗಳ ರೂಪವನ್ನೇ ಬದಲಿಸಿ, ಅಡ್ಡಬಲ ಬಿದ್ದಾಗ ಚಕ್ರದ ದಿಕ್ಕು ತಾನೇ ತಿದ್ದಿಕೊಳ್ಳುವಂತೆ ಮಾಡಿತು. ಹಳೆಯ ಕಾರಿನ ಬಿರಿದ ಬುಶ್ ಬದಲಿಸುವಾಗ ಮೂಲ ಬಿಡಿಭಾಗವನ್ನೇ, ಮೂಲ ದಿಕ್ಕಿನಲ್ಲೇ ಕೂರಿಸಬೇಕು ಎನ್ನುವುದು ಇದಕ್ಕೆ.

ಬಾರ್, ಸ್ಪ್ರಿಂಗ್, ಶಾಕ್

ಟೈರು, ಟೋ, ಬುಶ್ ಮೂರೂ ಸರಿಯಿದ್ದು ಬಾಲ ಇನ್ನೂ ಜಾರುತ್ತಿದ್ದರೆ ಹಿಂದಿನ ಬಾರ್‌ಗೆ ಕೈ ಹಾಕಿ. ಲಿಂಕ್ ಜೋಡಿಸಲು ಎರಡು ಮೂರು ತೂತುಗಳಿರುವ ಬಾರ್ ಆದರೆ ತುದಿಯ ತೂತಿಗೆ ಬದಲಿಸಿ. ತೋಳು ಉದ್ದವಾದಷ್ಟೂ ಬಾರ್ ಮೃದು. ಸಾಲದಿದ್ದರೆ ಬಾರನ್ನೇ ತೆಗೆದು ಮೂಲ ಸ್ಥಿತಿಗೆ ತನ್ನಿ. ಮುಂದೆ ಇನ್ನೂ ಗಡಸು ಬಾರ್ ಹಾಕಿದರೂ ಓವರ್‌ಸ್ಟಿಯರ್ ತಗ್ಗುತ್ತದೆ, ನಿಜ. ಆದರೆ ಅದು ಮೂತಿಯ ಹಿಡಿತ ಕೆಡಿಸಿ ಸಾಧಿಸುವ ಸಮತೋಲನ: ತಿರುವಿನಿಂದ ಹೊರಬರುವಾಗ ಒಳಗಿನ ಮುಂಚಕ್ರ ಹಗುರವಾಗಿ ಬರಿದೇ ಸುತ್ತುತ್ತದೆ, ಕಾರಿನ ಒಟ್ಟು ಸಾಮರ್ಥ್ಯ ಇಳಿಯುತ್ತದೆ.

ಕಾರು ತಗ್ಗಿಸಲು ಹಾಕಿದ ಗಿಡ್ಡ ಸ್ಪ್ರಿಂಗ್‌ಗಳ ಅಪಾಯ ಬಂಪ್ ಸ್ಟಾಪ್‌ನಲ್ಲಿದೆ. ಸಸ್ಪೆನ್ಷನ್ ಮೇಲೇಳಲು ಜಾಗ ಮುಗಿದು ಅದು ಬಂಪ್ ಸ್ಟಾಪ್‌ಗೆ ತಾಗಿದ ಕೂಡಲೇ ಹಿಂಭಾಗದ ಗಡಸುತನ ಒಮ್ಮೆಗೇ ಹಲವು ಪಟ್ಟು ಏರುತ್ತದೆ, ಜಾರಾಟ ಮುನ್ಸೂಚನೆಯಿಲ್ಲದೆ ಬರುತ್ತದೆ. ಹಿಂದೆ ಇಬ್ಬರು ಕುಳಿತಾಗ, ತಿರುವಿನಲ್ಲಿ ರಸ್ತೆ ಉಬ್ಬಿದ್ದಾಗ ಮಾತ್ರ ಬಾಲ ಒದೆಯುತ್ತದೆ ಎಂದಾದರೆ ಮೊದಲ ಅನುಮಾನ ಇದರ ಮೇಲೆ. ಹಿಂಭಾಗವನ್ನು 15–20 ಮಿ.ಮೀ. ಎತ್ತರಿಸುವುದು ನೋಟಕ್ಕೆ ಇಷ್ಟವಾಗದಿರಬಹುದು, ರಸ್ತೆಗೆ ಅದೇ ಸರಿ. ಬಿಗಿ ಹೊಂದಿಸಬಲ್ಲ ಶಾಕ್ ಅಬ್ಸಾರ್ಬರ್ ಇದ್ದರೆ ಹಿಂದಿನವನ್ನು ಒಂದೆರಡು ಕ್ಲಿಕ್ ಸಡಿಲಿಸಿ. ಎಣ್ಣೆ ಸೋರುವ ಶಾಕ್ ಆದರೆ ಹೊಂದಿಸುವ ಮಾತೇ ಇಲ್ಲ, ಜೋಡಿಯಾಗಿ ಬದಲಿಸಬೇಕು.

ಬ್ರೇಕ್

ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಮೊದಲು ಲಾಕ್ ಆಗಬಾರದು ಎಂಬ ನಿಯಮದ ಮೇಲೆ ಬ್ರೇಕಿನ ಒತ್ತಡವನ್ನು ಹಂಚಿರುತ್ತಾರೆ. ಹಿಂದಿನ ಡ್ರಮ್ ತೆಗೆದು ಡಿಸ್ಕ್ ಹಾಕಿಸಿದಾಗ, ಹಳೆಯ ಕಾರುಗಳಲ್ಲಿ ಹಿಂದಿನ ಒತ್ತಡ ತಗ್ಗಿಸುವ ವಾಲ್ವ್ ಕಿತ್ತಾಗ ಈ ಹಂಚಿಕೆ ಕೆಡುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ಬಾಲ ಜಾರುವ ಕಾರಿನಲ್ಲಿ ಸಸ್ಪೆನ್ಷನ್‌ಗಿಂತ ಮೊದಲು ಇದನ್ನು ನೋಡಬೇಕು. ಇಎಸ್‌ಸಿ (ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್) ಇರುವ ಕಾರಿನಲ್ಲಿ ಅದನ್ನು ಆರಿಸಿಡಬೇಡಿ. ಬಾಲ ಹೊರಟಾಗ ಹೊರಗಿನ ಮುಂಚಕ್ರದ ಬ್ರೇಕನ್ನು ಮಾತ್ರ ಹಿಡಿದು ಕಾರನ್ನು ನೇರ ಮಾಡುವ ಕೆಲಸ ಯಾವ ಚಾಲಕನ ಪಾದಕ್ಕೂ ಸಾಧ್ಯವಿಲ್ಲ.

ಪರೀಕ್ಷಿಸುವ ಕ್ರಮ

ಒಮ್ಮೆಗೆ ಒಂದೇ ಬದಲಾವಣೆ ಮಾಡಿ ಬರೆದಿಟ್ಟುಕೊಳ್ಳಬೇಕು. ಪರೀಕ್ಷೆ ಸಾರ್ವಜನಿಕ ರಸ್ತೆಯಲ್ಲಿ ಸಲ್ಲದು. ಅನುಮತಿ ಪಡೆದ ವಿಶಾಲ ಅಂಗಳ ಅಥವಾ ಟ್ರ್ಯಾಕ್ ಬೇಕು. ಒಂದೇ ಅಳತೆಯ ವೃತ್ತದಲ್ಲಿ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ನಂತರ ಆಕ್ಸಿಲರೇಟರ್ ಬಿಟ್ಟು ನೋಡಬೇಕು. ಬಾಲ ಹೊರಟರೆ ನೋಟ ಹೋಗಬೇಕಾದ ದಿಕ್ಕಿನಲ್ಲಿರಲಿ, ಸ್ಟೀರಿಂಗ್ ಅದೇ ದಿಕ್ಕಿಗೆ ಬರಲಿ, ಬ್ರೇಕ್ ಬೇಡ. ಮೆದುವಾಗಿ ಆಕ್ಸಿಲರೇಟರ್ ಕೊಟ್ಟರೆ ಭಾರ ಹಿಂದಕ್ಕೆ ಮರಳಿ, ಮುಂದಿನ ಚಕ್ರಗಳು ಕಾರನ್ನು ನೇರಕ್ಕೆ ಎಳೆಯುತ್ತವೆ.

ಮಾರ್ಪಾಡಿಗೆ ಕಾನೂನಿನ ತಡೆಯೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಬಾರ್, ಸ್ಪ್ರಿಂಗ್‌ಗಳನ್ನು ಮೂಲಕ್ಕೆ ಮರಳಿಸುವುದಕ್ಕೆ ಇದೂ ಒಂದು ಕಾರಣ. ವೃತ್ತದ ಪರೀಕ್ಷೆಯಲ್ಲಿ ಕಾಲು ತೆಗೆದಾಗ ಮೂತಿ ತುಸು ಒಳಕ್ಕೆ ಬಂದು, ಹಿಂದಿನ ಚಕ್ರಗಳು ತಮ್ಮ ದಾರಿಯಲ್ಲೇ ಉಳಿದರೆ ಅಲ್ಲಿಗೆ ಪಾನಾ ಕೆಳಗಿಡಬಹುದು. ಒಣ ನೆಲದಲ್ಲಿ ಹೀಗೆ ಬಂದ ಕಾರನ್ನು ನೀರು ಚಿಮುಕಿಸಿದ ನೆಲದಲ್ಲೂ ಒಮ್ಮೆ, ಹಿಂದಿನ ಸೀಟಿನಲ್ಲಿ ಭಾರವಿಟ್ಟು ಇನ್ನೊಮ್ಮೆ ಓಡಿಸಿ ನೋಡಬೇಕು.